ಕೂರಿಗೆಯ ಬೆನ್ನಿಗೆ ಕಟ್ಟಿದ ಕೊಳವೆ

ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವವರಿಗೆ ಮೈದಾನದ ಪಟ್ಟೆಗಳು ಪರಿಚಿತ. ಒಂದು ಪಟ್ಟೆ ತಿಳಿಹಸಿರು, ಪಕ್ಕದ್ದು ಕಡುಹಸಿರು. ಹುಲ್ಲು ಮಾತ್ರ ಒಂದೇ. ಕತ್ತರಿಸುವ ಯಂತ್ರದ ಹಿಂದಿರುವ ಉರುಳೆ ಹೋಗುವಾಗ ಹುಲ್ಲನ್ನು ಒಂದು ಕಡೆಗೆ ಬಾಗಿಸುತ್ತದೆ, ಬರುವಾಗ ಇನ್ನೊಂದು ಕಡೆಗೆ. ನೋಡುವವರಿಂದ ಆಚೆಗೆ ಬಾಗಿದ ಹುಲ್ಲು ಬೆಳಕನ್ನು ಪ್ರತಿಫಲಿಸಿ ತಿಳಿಯಾಗಿ ಕಾಣುತ್ತದೆ. ಇತ್ತ ಬಾಗಿದ್ದು ಕಪ್ಪಾಗಿ ಕಾಣುತ್ತದೆ. ಈ ಯಂತ್ರವನ್ನು 1830ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರವೇ ಅವನಿಗೆ ಮಾದರಿಯಾಯಿತು. ಉರುಳೆಯಿಲ್ಲದ ಯಂತ್ರ ಕೊಂಡವರು ಕೊಳವೆಯ ತುಂಡಿಗೆ ಮರಳು ತುಂಬಿ, ಅದನ್ನು ಹಿಂದೆ ಕಟ್ಟಿಕೊಂಡು ಪಟ್ಟೆ ಮೂಡಿಸುವುದೂ ಉಂಟು.

ಹೀಗೆ ಹಿಂದೆ ಕಟ್ಟಿಕೊಂಡ ಕೊಳವೆಯೊಂದು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿಯೂ ಪಟ್ಟೆ ಎಳೆಯುತ್ತಿತ್ತು. ಅದು ಕಣ್ಣಿನ ಸುಖಕ್ಕೆ ಎಳೆದ ಪಟ್ಟೆಯಲ್ಲ. ರಾಗಿ ಅಥವಾ ಜೋಳದ ನಡುವೆ ತೊಗರಿಯದೋ ಅವರೆಯದೋ ಒಂದು ಸಾಲು. ಅದರ ಹೆಸರು ಅಕ್ಕಡಿ.

ಅಕ್ಕಡಿಯನ್ನು ತಿಳಿಯಲು ಮೊದಲು ಕೂರಿಗೆಯನ್ನು ನೋಡಬೇಕು. ಕರಿಜಾಲಿಯಂಥ ಗಟ್ಟಿ ಮರದ ದಿಂಡು, ಅದಕ್ಕೆ ಸಮ ಅಂತರದಲ್ಲಿ ನಾಟಿದ ಮೂರೋ ನಾಲ್ಕೋ ಆರೋ ತಾಳುಗಳು, ತಾಳಿನ ತುದಿಗೆ ಕಬ್ಬಿಣದ ಕುಳ. ಪ್ರತಿ ತಾಳಿನ ಹಿಂದೆಯೂ ಒಂದೊಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಒಂದುಗೂಡಿ, ತೂತುಗಳಿರುವ ಮರದ ಬಟ್ಟಲಿನಲ್ಲಿ ಬಾಯಿ ತೆರೆಯುತ್ತವೆ. ಒಬ್ಬರು ಎತ್ತು ಹೊಡೆದರೆ ಇನ್ನೊಬ್ಬರು, ಹೆಚ್ಚಾಗಿ ಹೆಂಗಸರು, ಮುಷ್ಟಿಯಿಂದ ಬೀಜವನ್ನು ಬಟ್ಟಲಿಗೆ ಬಿಡುತ್ತ ನಡೆಯುತ್ತಾರೆ. ಬೀಜ ಎಲ್ಲ ಕೊಳವೆಗೂ ಸಮನಾಗಿ ಹಂಚಿಕೆಯಾಗುವುದು ಆ ಬೆರಳುಗಳ ಹದದಿಂದ. ಅಳತೆಗೋಲು ಬೇರೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ 1701ರ ಸುಮಾರಿಗೆ ಸಾಲು ಬಿತ್ತನೆಯ ಯಂತ್ರ ಮಾಡಿದನೆಂದು ಶಾಲಾ ಪಾಠಗಳು ಹೇಳುತ್ತ ಬಂದಿವೆ. ಅದೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿಯೂ ಅದನ್ನು ಯೂರೋಪಿನ ಹೊಸ ಶೋಧವೆಂದೇ ನಂಬಿದ್ದ. ಕುದುರೆಯ ಮೇಲೆ ಹೋಗುವಾಗ ಹೊಲವೊಂದರಲ್ಲಿ ಕೂರಿಗೆ ನಡೆಯುವುದನ್ನು ಕಂಡು ಬೆರಗಾಗಿ, ಲಂಡನ್ನಿನ ಕೃಷಿ ಮಂಡಳಿಗೆ ವಿವರ ಬರೆದು ಕಳಿಸಿದ. ಆ ಬರಹವನ್ನು ಧರಂಪಾಲ್ 1971ರಲ್ಲಿ ಹದಿನೆಂಟನೆಯ ಶತಮಾನದ ಭಾರತೀಯ ವಿಜ್ಞಾನವನ್ನು ಕುರಿತ ತಮ್ಮ ಗ್ರಂಥದಲ್ಲಿ ಮತ್ತೆ ಅಚ್ಚು ಮಾಡಿಸಿದರು. ಟಿಪ್ಪುವಿನ ಪತನದ ನಂತರ ಸೀಮೆಯ ಸ್ಥಿತಿಗತಿ ಅರಿಯಲು ನೇಮಕಗೊಂಡು, 1801ರಲ್ಲಿ ಹರಿಹರ, ದಾವಣಗೆರೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಕೂರಿಗೆ, ಕುಂಟೆಗಳ ವಿಚಾರವನ್ನು ಬಿಡದೆ ಬರೆದುಕೊಂಡ. ಹೊರಗಿನವರಿಗೆ ಅಚ್ಚರಿಯಾಗಿದ್ದ ಈ ವಸ್ತುವನ್ನು ಊರ ಬಡಗಿ ಮನೆಯಂಗಳದಲ್ಲಿ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದ ಕಾಳೇ ಅವನ ಆಯ.

ಇನ್ನು ಬೆನ್ನಿಗೆ ಕಟ್ಟುವ ಕೊಳವೆ. ಸಡ್ಡೆ, ಸೆಡ್ಡೆ ಎಂದು ಊರಿಂದೂರಿಗೆ ಉಚ್ಚಾರ ಬದಲಾಗುವ ಇದು ಒಂದೇ ಒಂದು ಬಿದಿರಿನ ತುಂಡು. ಕೆಳತುದಿ ಚೂಪು, ಮೇಲೆ ಅಗಲವಾದ ಬಾಯಿ. ಹಗ್ಗದಿಂದ ಕೂರಿಗೆಗೆ ಕಟ್ಟಿ, ಕೈಯಲ್ಲಿ ಹಿಡಿದು, ಒಂದು ತಾಳು ಗೀರಿದ ಸಾಲಿನಲ್ಲೇ ಎಳೆದುಕೊಂಡು ಬರಬೇಕು. ಆ ತಾಳಿಗೆ ಸೇರಿದ ಬಟ್ಟಲಿನ ತೂತನ್ನು ಮುಚ್ಚಿಬಿಟ್ಟರೆ ಅಲ್ಲಿ ರಾಗಿ ಬೀಳುವುದಿಲ್ಲ, ಸಡ್ಡೆಯ ತೊಗರಿ ಬೀಳುತ್ತದೆ. ಬೀಜದ ಗಾತ್ರ ಬೇರೆ, ಬೀಳಬೇಕಾದ ಅಂತರ ಬೇರೆ. ಒಂದೇ ಬಟ್ಟಲಿನಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಒಂದು ತುಂಡು ಬಿದಿರು, ಒಂದು ಮೊಳ ಹಗ್ಗದಲ್ಲಿ ಆ ತೊಡಕು ಬಗೆಹರಿದಿತ್ತು.

ಸಾಲು ನೆಟ್ಟಗಿರಬೇಕಾದದ್ದು ಚೆಂದಕ್ಕಲ್ಲ. ಮುಂದೆ ಎಡೆಕುಂಟೆ ಹೊಡೆಯುವಾಗ ಅದರ ಅಲಗು ಸಾಲುಗಳ ನಡುವಿನ ಕಳೆಯನ್ನಷ್ಟೇ ಕೊಯ್ಯಬೇಕು. ಬಿತ್ತಿದವನ ಕೈ ಸೊಟ್ಟಗಿದ್ದರೆ ಬೆಳೆಯೂ ಕಳೆಯೊಂದಿಗೆ ಹೋಗುತ್ತದೆ. ಹೊಲದ ಬದುವಿನಲ್ಲಿ ನಿಂತವರು ಸಾಲು ನೋಡಿಯೇ ಒಕ್ಕಲಿನ ಯೋಗ್ಯತೆ ಅಳೆಯುತ್ತಿದ್ದರೆಂದರೆ ಉತ್ಪ್ರೇಕ್ಷೆಯೇನಲ್ಲ.

ಅಕ್ಕಡಿಯ ಲೆಕ್ಕಾಚಾರ ನಿಂತಿರುವುದು ಬೇರು ಮತ್ತು ಕಾಲದ ಮೇಲೆ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ, ತೊಗರಿಯದು ಆಳಕ್ಕೆ ಇಳಿಯುತ್ತದೆ. ರಾಗಿ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬಂದರೆ ನಾಟಿ ತೊಗರಿ ಇನ್ನೂ ಎರಡು ಮೂರು ತಿಂಗಳು ನಿಲ್ಲುತ್ತದೆ. ಆಗಸ್ಟಿನಲ್ಲಿ ಮಳೆ ಕೈಕೊಟ್ಟು ಧಾನ್ಯ ಬಾಡಿದರೂ ಚಿತ್ತೆ, ಸ್ವಾತಿ ಮಳೆಗೆ ಅಕ್ಕಡಿ ಚೇತರಿಸಿಕೊಳ್ಳಬಹುದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು, ಸಾಸಿವೆ ಎಲ್ಲವೂ ಅಕ್ಕಡಿಯಾಗಿ ಬರುತ್ತಿದ್ದವು. ಮಾರುವ ಧಾನ್ಯ ಒಂದು, ಮನೆಯ ಸಾರು, ಎಣ್ಣೆ, ಒಗ್ಗರಣೆ ಇನ್ನೊಂದು. ಎರಡೂ ಒಂದೇ ಹೊಲದಲ್ಲಿ. ಮಳೆ ಕಡಿಮೆಯಿರುವ ಜಗಳೂರಿನಂಥ ಕಡೆ ಇದೇ ಬಡವರ ವಿಮೆ.

ಪಟ್ಟೆ ಅಳಿಸಿಹೋದ ದಾರಿ ಎಲ್ಲ ಕಡೆಯೂ ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ ಹಬ್ಬಿತು. ಹೊನ್ನಾಳಿಯ ಕೆಲ ಭಾಗಗಳಿಗೆ ಭದ್ರಾ ನಾಲೆಯ ನೀರು ಬಂದು ಭತ್ತ ಬಂತು. ನೀರು ಬಾರದ ನೆಲವನ್ನು ಹೈಬ್ರಿಡ್ ಮೆಕ್ಕೆಜೋಳ ಆವರಿಸಿತು; ಕೋಳಿ ಆಹಾರದ ಕಾರ್ಖಾನೆಗಳ ಬೇಡಿಕೆ ಬೆನ್ನಿಗಿತ್ತು. ದಾವಣಗೆರೆ ರಾಜ್ಯದ ಪ್ರಮುಖ ಮೆಕ್ಕೆಜೋಳದ ಜಿಲ್ಲೆಗಳಲ್ಲಿ ಒಂದಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದದ್ದರಿಂದಲೇ ಅಕ್ಕಡಿ ಹೋಯಿತೆನ್ನುವುದು ಅರ್ಧ ಸತ್ಯ. ಬಿತ್ತಿದ ಕೂಡಲೇ ಸಿಂಪಡಿಸುವ ಅಟ್ರಜಿನ್ ಎಂಬ ಕಳೆನಾಶಕ ಮೆಕ್ಕೆಜೋಳವನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ತೊಗರಿ, ಅವರೆ, ಅಲಸಂದೆ ಅಗಲ ಎಲೆಯವೇ. ಕೂಲಿಯಾಳು ಸಿಗದ ಕಾಲದಲ್ಲಿ ರೈತ ಆ ಡಬ್ಬಿಯನ್ನು ಕೊಂಡದ್ದನ್ನು ತಪ್ಪೆನ್ನಲಾಗದು. ಆದರೆ ಅದನ್ನು ಕೊಂಡ ದಿನವೇ ಅಕ್ಕಡಿಯ ಬಾಗಿಲು ಮುಚ್ಚಿತು.

2018ರ ಮೇ ತಿಂಗಳಲ್ಲಿ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದೇ ಅಲ್ಲಿ. ಸುಳಿಯೊಳಗೆ ಕುಳಿತು ಎಲೆ ತಿನ್ನುವ ಹುಳುವಿಗೆ ಮೈಲಿಗಟ್ಟಲೆ ಒಂದೇ ಬೆಳೆ ಹಬ್ಬದೂಟ. ಕೃಷಿ ವಿಜ್ಞಾನಿಗಳು ಕೊಟ್ಟ ಸಲಹೆಗಳಲ್ಲಿ ಔಷಧಿಯ ಜೊತೆಗೆ ಇನ್ನೊಂದು ಮಾತಿತ್ತು: ಮೆಕ್ಕೆಜೋಳದ ನಡುವೆ ತೊಗರಿ, ಉದ್ದು, ಹೆಸರಿನಂಥ ದ್ವಿದಳ ಧಾನ್ಯದ ಸಾಲು ಹಾಕಿ. ಹೀಗೆ ಮಾಡುವವರು ಅಟ್ರಜಿನ್ ಬದಲು ಪೆಂಡಿಮೆಥಾಲಿನ್ ಬಳಸಬೇಕಾಗುತ್ತದೆ.

ಬಿತ್ತುವ ಸಲಕರಣೆಯ ಮಟ್ಟಿಗೆ ಇದು ಕಷ್ಟದ ಕೆಲಸವೇನಲ್ಲ. ಕಬ್ಬಿಣದ ಚೌಕಟ್ಟು, ಪ್ಲಾಸ್ಟಿಕ್ ಕೊಳವೆಗಳ ಟ್ರ್ಯಾಕ್ಟರ್ ಕೂರಿಗೆಗಳಲ್ಲಿ ಅನೇಕವಕ್ಕೆ ಈಗಲೂ ಹೆಂಗಸರು ಹಿಂದೆ ಕುಳಿತು ಕೈಯಿಂದಲೇ ಬೀಜ ಬಿಡುತ್ತಾರೆ. ಒಂದು ಕೊಳವೆಯ ಬಾಯನ್ನು ಬಟ್ಟಲಿನಿಂದ ಕಿತ್ತು ಬೇರೊಂದು ಆಲಿಕೆಗೆ ಸಿಕ್ಕಿಸಿ, ತುದಿಯಲ್ಲಿ ಕುಳಿತವರ ಮಡಿಲಿಗೆ ಮೆಕ್ಕೆಜೋಳದ ಬದಲು ತೊಗರಿ ಹಾಕಿದರೆ ಸಾಲು ಮೂಡುತ್ತದೆ.