ಉಬ್ಬಿನ ಲೆಕ್ಕ

ಕಾರ್ಯಕ್ರಮದಲ್ಲಿ ನೀವು ಕೇಳಿದ ಆ ಗುಡುಗುಡು ಸದ್ದು ನೆನಪಿದೆಯೇ? ಅದನ್ನೇ ಶಕ್ತಿಯೆಂದು ಮೆಚ್ಚುವವರು ಬಹಳ. ಅದರ ಮೂಲ ಇರುವುದು ಕ್ಯಾಮ್‌ಶಾಫ್ಟ್ ಎಂಬ ದಂಡದಲ್ಲಿ. ಅದರ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳು ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ. ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಈ ದಂಡ 4000 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ವಾಲ್ವ್ ಸೆಕೆಂಡಿಗೆ ಸುಮಾರು 66 ಬಾರಿ ತೆರೆದು ಮುಚ್ಚಬೇಕು. ಆ ಅವಸರದಲ್ಲೂ ಸಿಲಿಂಡರ್ ತುಂಬಬೇಕಾದರೆ ಪ್ರತಿ ಸುತ್ತಿನಲ್ಲಿ ವಾಲ್ವ್ ಇನ್ನಷ್ಟು ಹೆಚ್ಚು ಹೊತ್ತು ತೆರೆದಿರಬೇಕು.

1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ವಿ-8 ಎಂಜಿನ್ ತಂದಿತು. ಅದರದು 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಯುವಕರು ಕಂಪನಿಯ ಕ್ಯಾಮ್ ಕಿತ್ತು, ಎಡ್ ವಿನ್‌ಫೀಲ್ಡ್, ಯುದ್ಧದ ನಂತರ ಎಡ್ ಇಸ್ಕೆಂಡೇರಿಯನ್ ಮೊದಲಾದವರು ಸಾಣೆ ಹಿಡಿದ ಕ್ಯಾಮ್ ಹಾಕಿಕೊಂಡು, ಒಣಗಿದ ಸರೋವರಗಳ ಬಯಲಿನಲ್ಲಿ ಪಂದ್ಯ ಓಡಿಸಿದರು. ಅಲ್ಲಿ ಆ ಆಯ್ಕೆ ಸರಿಯೇ. ಓಟವೆಲ್ಲ ನೇರ, ಎಂಜಿನ್ ಮೇಲಿನ ಸುತ್ತುಗಳಲ್ಲೇ ಇರುತ್ತದೆ.

ಅದೇ ಕಾರು ಪೇಟೆಯ ಸಿಗ್ನಲ್ಲಿಗೆ ಬಂದರೆ? ಸುತ್ತು ಕಡಿಮೆಯಾದಾಗ, ಒಳಗೆ ಬಂದ ಪೆಟ್ರೋಲು-ಗಾಳಿಯ ಮಿಶ್ರಣ ತಡವಾಗಿ ಮುಚ್ಚುವ ವಾಲ್ವ್‌ನಿಂದ ಹಿಂದಕ್ಕೇ ಹೋಗುತ್ತದೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವಾಗ ಸುಟ್ಟ ಅನಿಲ ಹೊಸ ಮಿಶ್ರಣದೊಡನೆ ಬೆರೆಯುತ್ತದೆ. ಎಂಜಿನ್ ನಡುಗುತ್ತದೆ, ಎಳೆಯುವುದಿಲ್ಲ. ಇನ್ನು ಮೇಲಿನ ಸುತ್ತುಗಳಲ್ಲಿ ಸ್ಪ್ರಿಂಗ್ ಗಟ್ಟಿಯಾಗಿಲ್ಲದಿದ್ದರೆ ವಾಲ್ವ್ ಉಬ್ಬಿನ ಹಿಡಿತ ತಪ್ಪಿ ಪಿಸ್ಟನ್ನಿಗೆ ಬಡಿಯಲೂಬಹುದು. ಆದ್ದರಿಂದ ಕ್ಯಾಮ್ ಆರಿಸುವಾಗ ಗರಿಷ್ಠ ಶಕ್ತಿ ಎಷ್ಟೆಂದು ಕೇಳಬೇಡಿ. ನಿಮ್ಮ ಎಂಜಿನ್ ದಿನವೂ ಎಷ್ಟು ಸುತ್ತಿನಲ್ಲಿ ಓಡುತ್ತದೆಂದು ನೋಡಿ.

1989ರಲ್ಲಿ ಹೋಂಡಾ ಕಂಪನಿ ಇಂಟೆಗ್ರಾ ಕಾರಿನಲ್ಲಿ ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬುಗಳನ್ನು ಕೂರಿಸಿತು. ಸುತ್ತು ಏರಿದಾಗ ಎಣ್ಣೆಯ ಒತ್ತಡಕ್ಕೆ ಪಿನ್ನುಗಳು ಸರಿದು, ವಾಲ್ವ್ ದೊಡ್ಡ ಉಬ್ಬಿನ ವಶವಾಗುತ್ತದೆ. ಆ 1.6 ಲೀಟರಿನ ಎಂಜಿನ್ 7600 ಸುತ್ತಿನಲ್ಲಿ 160 ಅಶ್ವಶಕ್ತಿ ಕೊಟ್ಟಿತು.