ಕಾರಣ ಯಾರ ಕಣ್ಣಿಗೆ ಕಾಣಬೇಕು?

ಆಟಿಸಂ ಇರುವವರ ಭಾವೋದ್ವೇಗವನ್ನು ಅಳೆಯುವ ಪ್ರಯತ್ನದ ಇತಿಹಾಸದಲ್ಲಿ ನಮ್ಮ ಹೈದರಾಬಾದಿಗೂ ಒಂದು ಸ್ಥಾನವಿದೆ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ, 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯೇ (ಆಗ ಎನ್‌ಐಎಂಎಚ್, ಈಗ ಎನ್‌ಐಇಪಿಐಡಿ) ‘ಇಸಾ’ ಎಂಬ ಭಾರತೀಯ ಆಟಿಸಂ ಮಾಪಕವನ್ನು ರೂಪಿಸಿತು.

ಅದರ ಹಿಂದೆ ಇದ್ದದ್ದು ಕಾನೂನಿನ ಒತ್ತಡ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. ಹೆಸರಿಸಿದ ಮೇಲೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಅಂಕ ಬೇಕು. ಇಸಾದಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ; ಒಟ್ಟು 70 ಮುಟ್ಟಿದರೆ ಆಟಿಸಂ. 2016ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಪ್ರಮಾಣೀಕರಣಕ್ಕೆ ಅಧಿಕೃತಗೊಳಿಸಿತು.

ಈ ನಲವತ್ತರಲ್ಲಿ ಭಾವನೆಗಳಿಗೆ ಮೀಸಲಾದವು ಐದು. ಅವುಗಳಲ್ಲೊಂದು, ಮೇಲ್ನೋಟಕ್ಕೆ ಕಾರಣವಿಲ್ಲದೆ ಉದ್ರೇಕಗೊಳ್ಳುವುದು. ಯಾರ ಮೇಲ್ನೋಟಕ್ಕೆ? ಕುಕ್ಕರಿನ ಸೀಟಿ, ಅಂಗಿಯ ಕತ್ತಿನ ಪಟ್ಟಿ, ಮಿನುಗುವ ಟ್ಯೂಬ್‌ಲೈಟು ಮಗುವಿನ ಪಾಲಿಗೆ ಸಾಕಷ್ಟು ಕಾರಣವೇ ಆಗಿರಬಹುದು. ಇಂದ್ರಿಯಸಂವೇದನೆಗೆ ಇಸಾದಲ್ಲಿ ಬೇರೊಂದು ವಿಭಾಗವಿದೆ ನಿಜ. ಆದರೆ ಅಲ್ಲಿಯ ಅಂಕವೂ ಇಲ್ಲಿಯ ಅಂಕವೂ ಕೂಡಿಕೊಳ್ಳುತ್ತವೆಯೇ ಹೊರತು ಅವೆರಡರ ನಂಟು ದಾಖಲಾಗುವುದಿಲ್ಲ. ಅಂಕ ಬೀಳುವುದೂ ವರ್ತನೆ ಎಷ್ಟು ಸಲ ಕಂಡಿತೆಂಬುದರ ಮೇಲೆ. ವಾರಕ್ಕೊಮ್ಮೆ ಮಾತ್ರ, ಆದರೆ ಎರಡು ತಾಸು ಸಂತೈಸಲಾಗದಂತೆ ಅಳುವ ಮಗುವಿನ ಸಂಕಟ ಆ ಲೆಕ್ಕದಲ್ಲಿ ಕಿರಿದಾಗಿ ಕಾಣುತ್ತದೆ.

ಇದನ್ನು ದೋಷವೆನ್ನುವುದು ಅನ್ಯಾಯ. ಇಸಾ ಹುಟ್ಟಿದ್ದು ಆಟಿಸಂ ಇದೆಯೇ, ಎಷ್ಟಿದೆ ಎಂದು ಹೇಳುವುದಕ್ಕೆ. ಭಾವನೆಯನ್ನು ಹತೋಟಿಗೆ ತಂದುಕೊಳ್ಳುವ ಕಷ್ಟವನ್ನೇ ಅಳೆಯಬಲ್ಲ ಮಾಪಕ ಲೋಕದಲ್ಲೂ ತಡವಾಗಿಯೇ ಬಂತು. 2004ರ ಡರ್ಸ್ ಪ್ರಶ್ನಾವಳಿಗೆ ವ್ಯಕ್ತಿ ತಾನೇ ಉತ್ತರಿಸಬೇಕು. ಮಾತಿಲ್ಲದವರಿಗೆ ಅದು ಒದಗದು. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ಲಾ ಮಝೆಫ್‌ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಇಡಿಐ, ಪೋಷಕರನ್ನು ಕಳೆದ ಏಳು ದಿನಗಳ ಬಗ್ಗೆ ಕೇಳುತ್ತದೆ: ಉದ್ವೇಗ ಎಷ್ಟು ತೀವ್ರ, ಶಮನವಾಗುವುದು ಎಷ್ಟು ಕಷ್ಟ?

ಇಲ್ಲಿ ಹೊರನಾಡ ಕನ್ನಡಿಗರ ತೊಡಕೊಂದುಂಟು. ನಮ್ಮ ಮನೆಮಾತಿನಲ್ಲಿ ‘ಹಟ’ ಬೇರೆ, ‘ರಚ್ಚೆ’ ಬೇರೆ. ಹಟಕ್ಕೆ ಬೇಡಿಕೆಯಿದೆ, ಈಡೇರಿದರೆ ಇಳಿಯುತ್ತದೆ. ರಚ್ಚೆ ಹಿಡಿದ ಮಗುವಿಗೆ ಏನು ಕೊಟ್ಟರೂ ಸಮಾಧಾನವಿಲ್ಲ. ಇಡಿಐ ಹುಡುಕುವುದು ಈ ಎರಡನೆಯದನ್ನು. ಆದರೆ ಪರೀಕ್ಷಕರೆದುರು ತೆಲುಗಿನಲ್ಲೋ ಹಿಂದಿಯಲ್ಲೋ ಉತ್ತರಿಸುವ ಕನ್ನಡದ ತಾಯಿ ಎರಡನ್ನೂ ‘ಜಿದ್ದು’ ಎಂದುಬಿಡುತ್ತಾಳೆ. ನಮೂನೆಯಲ್ಲಿ ಬರೆದುಕೊಳ್ಳುವುದೂ ಅದನ್ನೇ.