ಆರತಿ ಕರಗುತ್ತದೆ, ಅಚ್ಚು ಉಳಿಯುತ್ತದೆ

ದೀಪಾವಳಿಯ ನಂತರ ಬರುವ ಗೌರಿ ಹುಣ್ಣಿಮೆ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ. ಹರಿವಾಣದಲ್ಲಿ ಸಕ್ಕರೆಯ ಆನೆ, ಒಂಟೆ, ನವಿಲು, ತೇರು, ಗೋಪುರಗಳನ್ನು ಜೋಡಿಸಿ, ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಇದೇ ಸಕ್ಕರೆ ಆರತಿ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಹೂವಿನ ದಂಡೆಗಳೊಂದಿಗೆ ಈ ಆರತಿಯನ್ನೂ ತರುವುದು ರೂಢಿ. ಹೋಳಿ ಬಂದರೆ ಮಕ್ಕಳ ಕೊರಳಿಗೆ ಸಕ್ಕರೆ ಸರ. ಗಡಿಯ ನಿಪ್ಪಾಣಿ, ಚಿಕ್ಕೋಡಿಗಳ ಮರಾಠಿ ಮನೆಗಳಲ್ಲಿ ಯುಗಾದಿಯಂದು ನಿಲ್ಲಿಸುವ ಗುಡಿಗೂ ಇಂಥದೇ ಸರ ಕಟ್ಟುತ್ತಾರೆ; ಅದನ್ನು ಅವರು ಗಾಠಿ ಎನ್ನುತ್ತಾರೆ.

ಹಬ್ಬ ಮುಗಿಯುತ್ತಲೇ ಆನೆ, ಒಂಟೆಗಳು ಮಕ್ಕಳ ಬಾಯಲ್ಲಿ ಕರಗುತ್ತವೆ. ಉಳಿಯುವುದು ಅವಕ್ಕೆ ರೂಪ ಕೊಟ್ಟ ಮರದ ಅಚ್ಚು. ಆರತಿಯ ಬಗ್ಗೆ ಎಲ್ಲರಿಗೂ ಗೊತ್ತು. ಅಚ್ಚಿನ ಕಡೆ ಗಮನ ಹರಿದದ್ದು ಕಡಿಮೆ.

ಸಕ್ಕರೆ ಇಲ್ಲಿ ಇಂದು ಅಪರೂಪದ ವಸ್ತುವಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಈ ಸೀಮೆ ಕಬ್ಬಿನ ನಾಡು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಂಪೆನಿ ಸ್ಥಾಪನೆಯಾದದ್ದು 1939ರಲ್ಲಿ. ಆಗ ಅಥಣಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಭಾಗದಲ್ಲಿ ಸಹಕಾರಿ ಕಾರ್ಖಾನೆಗಳೂ ಬಂದವು. ಕಾರ್ಖಾನೆ ಬರುವ ಮೊದಲೂ ಗಾಣ, ಕೊಪ್ಪರಿಗೆಗಳಿದ್ದವು. ಆಲೆಮನೆಯಲ್ಲಿ ಕುದಿದ ಬೆಲ್ಲದ ಪಾಕವನ್ನು ಒದ್ದೆ ಬಟ್ಟೆ ಹಾಸಿದ ಬಕೆಟ್ಟಿಗೆ ಸುರಿದು ಪೆಂಟೆ ಮಾಡುವುದು ಈ ಕಡೆಯ ಪದ್ಧತಿ. ಬಕೆಟ್ಟಿನ ಬುಡ ಕಿರಿದು, ಬಾಯಿ ಅಗಲ. ಬೋರಲು ಹಾಕಿದರೆ ಪೆಂಟೆ ತಾನೇ ಜಾರಿ ಬರುತ್ತದೆ. ಮತ್ತೆ ಮತ್ತೆ ಬಳಸುವ ಅಚ್ಚಿನ ಮೂಲ ತತ್ವವೆಲ್ಲ ಇದರಲ್ಲಿದೆ: ಒಳಗಿದ್ದುದು ಅಂಟಬಾರದು, ಎಲ್ಲಿಯೂ ಸಿಕ್ಕಿಕೊಳ್ಳಬಾರದು.

ಆನೆಯ ಅಚ್ಚಿನಲ್ಲಿ ಈ ತತ್ವವನ್ನು ಪಾಲಿಸುವುದು ಸುಲಭವಲ್ಲ. ಸೊಂಡಿಲು, ಕಿವಿ, ಬಾಲ ಎಲ್ಲವೂ ಮರದಲ್ಲಿ ತಿರುವುಮುರುವಾಗಿ, ಉಬ್ಬಿನ ಬದಲು ತಗ್ಗಾಗಿ ಮೂಡಬೇಕು. ತಗ್ಗಿನ ಗೋಡೆ ಒಳಮುಖವಾಗಿ ಬಾಗಿದರೆ ಗೊಂಬೆ ಹೊರಬರುವಾಗ ಸೊಂಡಿಲು ಮುರಿಯುತ್ತದೆ. ಆದ್ದರಿಂದ ಅಚ್ಚನ್ನು ಎರಡು ಅಥವಾ ಹೆಚ್ಚು ಹೋಳುಗಳಾಗಿ ಕೆತ್ತಿ, ಪಾಕ ಸೋರದಂತೆ ಅಂಚುಗಳನ್ನು ಕೂಡಿಸುತ್ತಾರೆ. ಇದಕ್ಕೆ ಸಾಗುವಾನಿ ಒಳ್ಳೆಯ ಮರ. ನೀರು, ಬಿಸಿ ಎರಡನ್ನೂ ತಾಳುತ್ತದೆ.

ಎರಕಕ್ಕೆ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಹಾಕುತ್ತಾರೆ. ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ. ಸಕ್ಕರೆ ಕುದಿಯುವಾಗ ಸ್ವಲ್ಪ ಹಾಲು ಹಾಕಿ ಕೊಳೆ ತೆಗೆಯುತ್ತಾರೆ. ಹದಕ್ಕೆ ಬಂದ ಪಾಕವನ್ನು ತಿರುವುತ್ತಲೇ ಹರಳು ಮೂಡಿ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲಿ ಕಟ್ಟಿದ ಅಚ್ಚಿಗೆ ಸುರಿಯಬೇಕು. ಕೆಲವೇ ನಿಮಿಷಗಳಲ್ಲಿ ದಾರ ಬಿಚ್ಚಿ ಹೋಳು ಬೇರ್ಪಡಿಸಿದರೆ ಗೊಂಬೆ ಸಿದ್ಧ. ಸರದ ಕೆಲಸ ಇದಕ್ಕಿಂತ ಸರಳ: ತೆರೆದ ಅಚ್ಚಿನ ಕುಳಿಗಳ ಮೇಲೆ ದಾರ ಹಾಯಿಸಿ ಪಾಕ ಹೊಯ್ದರೆ ಬಿಲ್ಲೆಗಳು ದಾರಕ್ಕೇ ಹಿಡಿದುಕೊಳ್ಳುತ್ತವೆ.

ಇದೇ ಪಾಕವನ್ನು ಇನ್ನಷ್ಟು ಕಾಯಿಸಿ, ತಿರುವದೆ ಬೇಗ ಆರಿಸಿದರೆ ಹರಳಾಗದೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಗಾಜಿಗೂ ಸಕ್ಕರೆಗೂ ಇರುವ ಈ ಸಾಮ್ಯ ಅಚ್ಚಿನಲ್ಲೂ ಕಾಣುತ್ತದೆ. ಗಾಜಿನ ಹಾಳೆಯನ್ನು ಕುಲುಮೆಯಲ್ಲಿ ಮೆದುಗೊಳಿಸಿ ತಟ್ಟೆ, ಬಟ್ಟಲು ಮಾಡುವವರು ಸುಟ್ಟ ಮಣ್ಣಿನ ಅಚ್ಚಿಗೆ ಬಿಳಿ ಜೇಡಿ ಬೆರೆಸಿದ ಲೇಪ ಹಚ್ಚುತ್ತಾರೆ. ಗೋಡೆಗಳನ್ನು ಹೊರಕ್ಕೆ ಓರೆಯಾಗಿಸುತ್ತಾರೆ. ಒಮ್ಮೆ ಬಳಸಿ ಒಡೆಯುವ ಪ್ಲಾಸ್ಟರ್ ಅಚ್ಚಿಗೆ ಈ ಓರೆ ಬೇಕಿಲ್ಲ. ಪುನಃ ಬಳಸುವುದಕ್ಕೆ ಬೇಕು. ಮಧ್ಯಯುಗದ ಈಜಿಪ್ಟ್, ಸೈಪ್ರಸ್‌ಗಳಲ್ಲಿ ಸಕ್ಕರೆಯನ್ನು ಎರೆಯುತ್ತಿದ್ದುದು ಬುಡದಲ್ಲಿ ರಂಧ್ರವಿದ್ದ ಶಂಕುವಿನಾಕಾರದ ಮಣ್ಣಿನ ಅಚ್ಚಿನಲ್ಲಿ. ಕಾಕಂಬಿ ಕೆಳಗೆ ಸೋರಿ, ಸಕ್ಕರೆ ಗಟ್ಟಿಯಾಗಿ ಮೇಲೆ ನಿಲ್ಲುತ್ತಿತ್ತು.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಒಳ್ಳೆಯ ಅಚ್ಚು ಹಲವು ದಶಕ ಬಾಳುತ್ತದೆ. ತಾಯಿಯಿಂದ ಮಗಳಿಗೆ, ಅಜ್ಜನಿಂದ ಮೊಮ್ಮಗನಿಗೆ ಬರುತ್ತದೆ. ಪಾಕ ಎರೆಯುವವರಿಗೆ ಪ್ರತಿ ಹಬ್ಬದಲ್ಲೂ ಕೆಲಸ. ಕೆತ್ತಿದ ಬಡಿಗನಿಗೆ ಮಾತ್ರ ಅದೇ ಮನೆಯಿಂದ ಮತ್ತೆ ಕರೆ ಬರುವುದು ಒಂದು ತಲೆಮಾರಿನ ನಂತರ, ಬಂದರೆ! ಕೆಲಸ ಚೆನ್ನಾಗಿದ್ದಷ್ಟೂ ಅವನಿಗೆ ಕೆಲಸ ಕಡಿಮೆ. ಹೀಗಾಗಿ ಎರಕದ ವಿದ್ಯೆ ವರ್ಷವರ್ಷವೂ ರೂಢಿಯಲ್ಲಿ ಉಳಿದರೂ, ಕೆತ್ತನೆಯ ವಿದ್ಯೆ ಸದ್ದಿಲ್ಲದೆ ಕೈತಪ್ಪಬಹುದು. ಅಚ್ಚುಗಳು ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ನಷ್ಟ ಕಣ್ಣಿಗೆ ಬೀಳುವುದೂ ಇಲ್ಲ. ಹೋಳು ಸೀಳಿದ ದಿನವೇ ಅದು ಗೊತ್ತಾಗುವುದು.

ಆದ್ದರಿಂದ ಅಟ್ಟದ ಮೇಲಿನ ಹಳೆಯ ಅಚ್ಚನ್ನು ಒಲೆಗೆ ಹಾಕುವ ಮುನ್ನ ಯೋಚಿಸಬೇಕು. ತೊಳೆದು ನೆರಳಿನಲ್ಲಿ ಒಣಗಿಸಿಟ್ಟರೆ ಅದು ಇನ್ನೊಂದು ತಲೆಮಾರಿಗೆ ಬರುತ್ತದೆ. ಕೆತ್ತಬಲ್ಲ ಬಡಿಗ ಊರಲ್ಲಿದ್ದರೆ ಹಳೆಯದು ಸವೆಯುವ ಮೊದಲೇ ಹೊಸದೊಂದನ್ನು ಮಾಡಿಸುವುದು ಇನ್ನೂ ಒಳ್ಳೆಯದು. ಹಳೆಯ ಅಚ್ಚು ಎದುರಿಗಿದ್ದಾಗ ಹೊಸದನ್ನು ಕೆತ್ತುವುದು ಸುಲಭ. ಅದೂ ಹೋದ ಮೇಲೆ ಆನೆಯ ಸೊಂಡಿಲನ್ನು ಎಲ್ಲಿ ಇಬ್ಭಾಗ ಮಾಡಬೇಕೆಂದು ಹೇಳುವವರು ಸಿಗಲಾರರು.